ಎದುರುಗಾಳಿ ಮೊದಲು, ಬುತ್ತಿ ಆಮೇಲೆ: ಬೇ ಏರಿಯಾದವರಿಗೆ ಕಡಲಂಚಿನ ಸೈಕಲ್ ದಾರಿಗಳು

ಏಪ್ರಿಲ್ ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಅರ್ಧ ಒಂದೇ ವಿಷಯದ್ದು. "ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಮಗಳು ಈಗಷ್ಟೇ ಸೈಕಲ್ ಕಲಿತಿದ್ದಾಳೆ. ಕಡಲು ಕಾಣಬೇಕು, ಕಾರು ಬರಬಾರದು. ಎಲ್ಲಿಗೆ ಹೋಗೋಣ?" ಇದನ್ನೇ ಸಾವಿರಾರು ಡಾಲರ್ ಕೊಟ್ಟು ರೋಡ್ ಬೈಕ್ ಎಂಬ ವೇಗದ ಸೈಕಲ್ ತೆಗೆದುಕೊಂಡ ಗೆಳೆಯನೂ ಕೇಳುತ್ತಾನೆ. ಪ್ರಶ್ನೆ ಒಂದೇ ಆದರೂ ಇಬ್ಬರಿಗೂ ಒಂದೇ ಉತ್ತರ ಕೊಟ್ಟು ಎರಡು ಕಡೆಯಿಂದಲೂ ಬೈಸಿಕೊಂಡಿದ್ದೇನೆ. ಅದಕ್ಕೇ ಈ ಬಾರಿ ಎಲ್ಲವನ್ನೂ ಒಂದು ಕಡೆ ಬರೆದಿಡುತ್ತಿದ್ದೇನೆ.

ನಾನು ಮರವಂತೆ ಕಡೆಯವನು. ಒಂದು ಬದಿ ಸೌಪರ್ಣಿಕೆ, ಇನ್ನೊಂದು ಬದಿ ಅರಬ್ಬಿ ಸಮುದ್ರ, ನಡುವೆ ಹೆದ್ದಾರಿ. ನೋಡಿದವರೆಲ್ಲ ಕಾರು ನಿಲ್ಲಿಸಿ ಫೋಟೊ ತೆಗೆಯುವ ಜಾಗ. ಆದರೆ ಅಲ್ಲಿ ಸೈಕಲ್ ತುಳಿದು ಶಾಲೆಗೆ ಹೋದವನಿಗೆ ಮೊದಲು ನೆನಪಾಗುವುದು ಬೆನ್ನಿಗೇ ಬಂದು ಹಾರ್ನ್ ಹೊಡೆಯುತ್ತಿದ್ದ ಎಕ್ಸ್‌ಪ್ರೆಸ್ ಬಸ್ಸು. ಕಡಲಿನ ನೆನಪು ಅದರ ನಂತರದ್ದು. ಹೀಗಾಗಿ ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಊರುಗಳ ಕಡೆಗೆ ಬಂದು ಕಡಲ ಪಕ್ಕದಲ್ಲಿ ಕಾರಿಲ್ಲದ ಡಾಂಬರು ದಾರಿ ಕಂಡಾಗ, ಇದು ಯಾರದೋ ಖಾಸಗಿ ಜಾಗ ಇರಬೇಕೆಂದು ಹಿಂದೆ ತಿರುಗಿದ್ದೆ.

ದಾರಿಗಳ ವಿಷಯಕ್ಕೆ ಬರುವ ಮೊದಲು ಅಳೆಯುವ ಕೋಲು ಯಾವುದು ಎಂದು ಹೇಳಿಬಿಡುತ್ತೇನೆ.

ಏನನ್ನು ನೋಡಬೇಕು

ಎಲ್ಲರೂ ಮೊದಲು ಕೇಳುವುದು "ಎಷ್ಟು ಮೈಲಿ?" ಎಂದು. ನನ್ನ ಲೆಕ್ಕದಲ್ಲಿ ಅದು ಕೊನೆಯ ಪ್ರಶ್ನೆ, ಏಕೆಂದರೆ ಯಾವ ದಾರಿಯನ್ನಾದರೂ ಅರ್ಧಕ್ಕೆ ನಿಲ್ಲಿಸಿ ಹಿಂದೆ ಬರಬಹುದು. ಮೊದಲು ಕೇಳಿಕೊಳ್ಳಬೇಕಾದದ್ದು ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಯಾರು ಎಂದು. ಆರು ವರ್ಷದ ಮಗಳೋ, ಅರವತ್ತೆಂಟರ ಮಾವನೋ, ಹತ್ತು ವರ್ಷದಿಂದ ಸೈಕಲ್ ಮುಟ್ಟದ ಹೆಂಡತಿಯೋ. ಅವರು ವಾಪಸ್ ಬರುವ ಹೊತ್ತಿಗೆ ಹೇಗಿರುತ್ತಾರೆ ಎಂಬುದರ ಮೇಲೆ ಇಡೀ ದಿನ ನಿಂತಿರುತ್ತದೆ.

ಎರಡನೆಯದು, ಕಾರಿಲ್ಲ ಎಂದರೆ ಎಷ್ಟರಮಟ್ಟಿಗೆ ಇಲ್ಲ ಎಂಬುದು. ಕೆಲವು ಕಡೆ ರಸ್ತೆಯನ್ನೇ ಕಾರಿಗೆ ಮುಚ್ಚಿಬಿಟ್ಟಿದ್ದಾರೆ. ಕೆಲವು ಕಡೆ ಸೈಕಲ್ಲಿಗೆ ಬೇರೆಯೇ ದಾರಿ ಇದ್ದರೂ ಅಲ್ಲಲ್ಲಿ ಅಡ್ಡರಸ್ತೆ ದಾಟಬೇಕು. ಇನ್ನು ಕೆಲವು ಕಡೆ ರಸ್ತೆಗೆ ಅಂಟಿಕೊಂಡ ಅಗಲವಾದ ಕಾಲುದಾರಿ ಮಾತ್ರ. ಮೂರನ್ನೂ ಜಾಹೀರಾತಿನಲ್ಲಿ ಒಂದೇ ಹೆಸರಿನಿಂದ ಕರೆಯುತ್ತಾರೆ. ಬ್ರೇಕ್ ಹಿಡಿಯಲು ಇನ್ನೂ ಹೆದರುವ ಮಗುವಿಗೆ ಇವು ಮೂರೂ ಒಂದೇ ಅಲ್ಲ.

ಮೂರನೆಯದು ಗಾಳಿ. ಇದನ್ನು ಯಾರೂ ಹೇಳುವುದಿಲ್ಲ, ನಾನೂ ಪೆಟ್ಟು ತಿಂದೇ ಕಲಿತದ್ದು. ಈ ತೀರದಲ್ಲಿ ವಸಂತ ಮತ್ತು ಬೇಸಿಗೆಯಲ್ಲಿ ಮಧ್ಯಾಹ್ನವಾಗುತ್ತಿದ್ದಂತೆ ವಾಯುವ್ಯದಿಂದ ಗಾಳಿ ಬೀಸುತ್ತದೆ. ಅಂದರೆ ಉತ್ತರದ ತುದಿಯಿಂದ ಹೊರಟರೆ ಗಾಳಿಯೇ ನಿಮ್ಮನ್ನು ತಳ್ಳಿಕೊಂಡು ಹೋಗುತ್ತದೆ. ಮೊದಲ ಸಲ ನಾವು ಹಾಗೇ ಹೋದೆವು. ನನಗೆ ಇಪ್ಪತ್ತರ ಪ್ರಾಯ ಮರಳಿ ಬಂದಂತಾಗಿತ್ತು. ತಿರುಗಿ ಬರುವಾಗ ಮಗಳು ಎರಡು ಸಲ ಅತ್ತಳು, ಹೆಂಡತಿ ಸೈಕಲ್ ತಳ್ಳಿಕೊಂಡು ನಡೆದಳು. ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಎರಡು ಗಂಟೆ. ಅಂದಿನಿಂದ ನಮ್ಮ ಮನೆಯ ಕಾನೂನು: ದಕ್ಷಿಣದ ತುದಿಯಿಂದ ಹೊರಡು, ಎದುರುಗಾಳಿ ಮೊದಲೇ ಮುಗಿಸು, ಬುತ್ತಿ ಬಿಚ್ಚು, ಬೆನ್ನುಗಾಳಿಯಲ್ಲಿ ಮನೆಗೆ ಬಾ.

ಉಳಿದಂತೆ ಏರು, ನೆಲ, ಶೌಚಾಲಯ. ಕೊನೆಗೆ ದುಡ್ಡು. ಸೈಕಲ್ ಸ್ವಂತದ್ದೋ ಬಾಡಿಗೆಯದೋ ಎಂಬುದರ ಮೇಲೆ ಖರ್ಚು ಎಷ್ಟು ಬದಲಾಗುತ್ತದೆ ಎಂದರೆ, ಕೆಲವು ದಾರಿಗಳು ಸ್ವಂತ ಸೈಕಲ್ ಇದ್ದವರಿಗೆ ಹೆಚ್ಚು ಕಡಿಮೆ ಪುಕ್ಕಟೆ, ಇಲ್ಲದವರಿಗೆ ಕೈಗೆಟುಕುವುದೇ ಇಲ್ಲ.

ಮೊದಲು ಒಂದನ್ನು ಪಟ್ಟಿಯಿಂದ ತೆಗೆಯುತ್ತೇನೆ

ಊರಿಂದ ಬಂದವರಿಗೆಲ್ಲ ಗೋಲ್ಡನ್ ಗೇಟ್ ಸೇತುವೆ ದಾಟಿ ಸಾಸಲಿಟೊಗೆ ಸೈಕಲ್ಲಿನಲ್ಲಿ ಹೋಗಿ, ಫೆರಿ ಹತ್ತಿ ವಾಪಸ್ ಬರುವ ಆಸೆ. ಒಳ್ಳೆಯ ದಾರಿಯೇ, ನಾನೂ ಹೋಗಿದ್ದೇನೆ. ಕ್ರಿಸ್ಸಿ ಫೀಲ್ಡಿನ ಭಾಗ ಮಟ್ಟಸ, ಚೆಂದ. ಆದರೆ ಅಲ್ಲಿಂದ ಸೇತುವೆಯ ಮಟ್ಟಕ್ಕೆ ಏರಬೇಕು, ಸೇತುವೆಯ ಮೇಲೆ ಗಾಳಿ ಹ್ಯಾಂಡಲ್ಲನ್ನೇ ಎಳೆಯುತ್ತದೆ, ಪಕ್ಕದಲ್ಲೇ ಆರು ಲೇನಿನ ವಾಹನಗಳ ಭೋರ್ಗರೆತ. ಸೇತುವೆ ಇಳಿದ ಮೇಲೆ ಸಾಸಲಿಟೊವರೆಗಿನ ಇಳಿಜಾರಿನಲ್ಲಂತೂ ಕಾರುಗಳ ಜೊತೆಗೇ ಸಾಗಬೇಕು. ಕಾರಿಲ್ಲದ ದಾರಿ ಎಂದು ಕೇಳಿದವರಿಗೆ ಇದನ್ನು ಹೇಳುವುದು ಮೋಸ. ಸೈಕಲ್ ಚೆನ್ನಾಗಿ ಬರುವ ದೊಡ್ಡವರು ಇಬ್ಬರೇ ಇದ್ದರೆ ಹೋಗಿ, ಇಲ್ಲವಾದರೆ ಬೇಡ.

ಮಾಂಟೆರೆ: ಎಲ್ಲರಿಗೂ ಏನಾದರೊಂದು

ಮಾಂಟೆರೆ ಕೊಲ್ಲಿಯ ದಂಡೆಗುಂಟ ಹೋಗುವ ಈ ದಾರಿ ಪೆಸಿಫಿಕ್ ಗ್ರೋವ್‌ನಿಂದ ಕ್ಯಾಸ್ಟ್ರೊವಿಲ್‌ವರೆಗೆ 18 ಮೈಲಿ, ಅಂದರೆ ಸುಮಾರು 29 ಕಿಲೋಮೀಟರ್. ಪೂರ್ತಿ ತುಳಿಯುವ ಅಗತ್ಯ ಯಾರಿಗೂ ಇಲ್ಲ, ತುಳಿಯಲು ಯೋಗ್ಯವೂ ಅಲ್ಲ. ಇದನ್ನು ಮೂರು ತುಂಡಾಗಿ ನೋಡಬೇಕು.

ಮೊದಲ ತುಂಡು ಲವರ್ಸ್ ಪಾಯಿಂಟ್‌ನಿಂದ ಕ್ಯಾನರಿ ರೋ ಹಾದು ಫಿಶರ್‌ಮನ್ಸ್ ವಾರ್ಫ್‌ವರೆಗಿನ ಎರಡು ಎರಡೂವರೆ ಮೈಲಿ. ಇದು ಹಳೆಯ ಸದರ್ನ್ ಪೆಸಿಫಿಕ್ ರೈಲು ಹಳಿಯ ಜಾಗ. ಸ್ಯಾನ್ ಫ್ರಾನ್ಸಿಸ್ಕೊದಿಂದ ಮಾಂಟೆರೆಗೆ ಬರುತ್ತಿದ್ದ ಡೆಲ್ ಮಾಂಟೆ ಎಂಬ ಪ್ಯಾಸೆಂಜರ್ ರೈಲು 1971ರಲ್ಲಿ ನಿಂತಿತು, ಆಮೇಲೆ ಹಳಿ ಇದ್ದಲ್ಲಿ ಸೈಕಲ್ ದಾರಿ ಬಂತು. ರೈಲಿಗೆ ಕಡಿದಾದ ಏರು ಆಗುವುದಿಲ್ಲವಲ್ಲ, ಅದರ ಪುಣ್ಯ ಈಗ ನಮ್ಮ ಮೊಣಕಾಲಿಗೆ. ಬಂಡೆಗಳು, ಕೆಲ್ಪ್ ಎಂಬ ಕಂದು ಕಡಲಪಾಚಿಯ ಕಾಡು, ಅದರ ನಡುವೆ ಬೆನ್ನ ಮೇಲೆ ಮಲಗಿ ಹೊಟ್ಟೆಯ ಮೇಲೆ ಕಲ್ಲಿಟ್ಟು ಚಿಪ್ಪು ಒಡೆಯುವ ಕಡಲ ನೀರುನಾಯಿಗಳು. ಹಾಪ್‌ಕಿನ್ಸ್ ಮರೈನ್ ಸ್ಟೇಷನ್ ಎಂಬ ಕಡಲ ಸಂಶೋಧನಾ ಕೇಂದ್ರದ ಬೇಲಿಯ ಆಚೆ ವಸಂತದಲ್ಲಿ ಸೀಲ್‌ಗಳು ಮರಿ ಹಾಕುತ್ತವೆ. ಸೈಕಲ್ಲಿನಿಂದ ಇಳಿದು ಬೇಲಿಗೆ ಮುಖ ಒತ್ತಿದ ಮಕ್ಕಳನ್ನು ಅಲ್ಲಿಂದ ಎಬ್ಬಿಸುವುದು ಸುಲಭವಲ್ಲ. ಅದೇ ಜಾಗದಲ್ಲಿ ಹಿಂದೆ ಚೀನೀ ಮೀನುಗಾರರ ಕೇರಿ ಇತ್ತು, 1906ರಲ್ಲಿ ಬೆಂಕಿಗೆ ಆಹುತಿಯಾಯಿತು. ಏಪ್ರಿಲ್, ಮೇ ತಿಂಗಳಲ್ಲಿ ಲವರ್ಸ್ ಪಾಯಿಂಟ್ ಬದಿಯ ದಂಡೆಯಿಡೀ ನೇರಳೆ ಮಿಶ್ರಿತ ಗುಲಾಬಿ ಬಣ್ಣದ ಹೂವಿನ ಜಮಖಾನ ಹಾಸಿದಂತಿರುತ್ತದೆ.

ಕ್ಯಾನರಿ ರೋ ಎಂದರೆ ಒಂದು ಕಾಲದ ಮೀನಿನ ಡಬ್ಬಿ ಕಾರ್ಖಾನೆಗಳ ಸಾಲು. ಡಬ್ಬಿಗೆ ಹೋಗುತ್ತಿದ್ದ ಮೀನು ಸಾರ್ಡೀನ್, ನಮ್ಮ ಬೂತಾಯಿಯ ಬಳಗದ್ದೇ. ಮೀನು ಖಾಲಿಯಾಗಿ 1950ರ ದಶಕದಲ್ಲಿ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಅವುಗಳಲ್ಲೊಂದು ಇದ್ದ ಜಾಗದಲ್ಲೇ 1984ರಲ್ಲಿ ಅಕ್ವೇರಿಯಂ ತೆರೆಯಿತು. ಬೂತಾಯಿ ಬಲೆಗೆ ಬೀಳದ ವರ್ಷ ಮಲ್ಪೆ, ಗಂಗೊಳ್ಳಿಯಲ್ಲಿ ಏನಾಗುತ್ತದೆ ಎಂದು ಬಲ್ಲ ಅಪ್ಪ ಈ ಕಥೆ ಕೇಳಿ ಬಹಳ ಹೊತ್ತು ಆ ಕಟ್ಟಡಗಳನ್ನೇ ನೋಡುತ್ತ ನಿಂತಿದ್ದರು.

ಅಮ್ಮನ ಕಥೆ ಬೇರೆ. ಆಕೆಗೆ ಸೈಕಲ್ ಬರುವುದಿಲ್ಲ. ಇಲ್ಲಿ ನಾಲ್ಕು ಚಕ್ರದ, ಮೇಲೆ ಚಪ್ಪರ ಇರುವ ಪೆಡಲ್ ಗಾಡಿ ಬಾಡಿಗೆಗೆ ಸಿಗುತ್ತದೆ. ಮುಂದೆ ಕೂತು ಅರ್ಧ ಗಂಟೆ ಸವಾರಿ ಮಾಡಿದ ಮೇಲೆ ಅಮ್ಮನ ತೀರ್ಪು: "ಇದ್ ಸೈಕಲ್ ಅಲ್ಲ ಮಗ, ತೇರ್. ಎಳೂಕೆ ಜನ ಬೇಕ್." ಎಳೆದವನು ನಾನು, ತೊಡೆ ನೋವು ಎರಡು ದಿನ ಇತ್ತು. ಆದರೆ ಸೈಕಲ್ ಬಾರದವರನ್ನೂ ಕರೆದುಕೊಂಡು ಹೋಗಬಹುದಾದ ದಾರಿ ಈ ಪಟ್ಟಿಯಲ್ಲಿ ಇದೊಂದೇ.

ಕುಂದು ಹೇಳದಿದ್ದರೆ ತಪ್ಪಾಗುತ್ತದೆ. ಶನಿವಾರ ಭಾನುವಾರ ಹತ್ತು ಗಂಟೆಯ ನಂತರ ಕ್ಯಾನರಿ ರೋ ಹಿಂದಿನ ಭಾಗ ಜಾತ್ರೆ. ಐಸ್‌ಕ್ರೀಂ ಹಿಡಿದು ಅಡ್ಡಾದಿಡ್ಡಿ ನಡೆಯುವ ಜನ, ನಾಯಿಯ ಉದ್ದನೆಯ ಹಗ್ಗ, ನನ್ನಂಥವರು ಎಳೆಯುವ ತೇರು. ಕಾರಿನ ಭಯ ತಪ್ಪಿದರೂ ಜನರ ಭಯ ತಪ್ಪುವುದಿಲ್ಲ. ಎಂಟೂವರೆಗೇ ತಲುಪಿ, ಅಂದರೆ ಬೆಳಿಗ್ಗೆ ಆರೂವರೆಗೆ ಸ್ಯಾನ್ ಹೊಸೆ ಬಿಡಿ.

ಎರಡನೆಯ ತುಂಡು ಸ್ಯಾಂಡ್ ಸಿಟಿಯಿಂದ ಮರೀನಾವರೆಗೆ, ಮರಳುದಿಬ್ಬಗಳ ನಡುವೆ. ಇಲ್ಲಿದ್ದ ಫೋರ್ಟ್ ಆರ್ಡ್ ಎಂಬ ಸೇನಾ ನೆಲೆ 1994ರಲ್ಲಿ ಮುಚ್ಚಿತು, ಅದರ ಕಡಲ ಬದಿಯ ಜಾಗ ಈಗ ರಾಜ್ಯದ ಉದ್ಯಾನ. ಮದ್ದುಗುಂಡು ಇಡುತ್ತಿದ್ದ ಹಳೆಯ ಬಂಕರುಗಳು ದಿಬ್ಬಗಳ ಮಧ್ಯೆ ಇನ್ನೂ ಇವೆ. ಜನ ಬಹಳ ಕಡಿಮೆ. ಆದರೆ ದಾರಿ ಮಟ್ಟಸವಲ್ಲ, ಸಣ್ಣ ಸಣ್ಣ ಏರಿಳಿತ ಬರುತ್ತಲೇ ಇರುತ್ತವೆ, ಗಾಳಿಗೆ ತಡೆಯೂ ಇಲ್ಲ. ಗೇರಿನ ಸೈಕಲ್ ಇರುವ ದೊಡ್ಡವರಿಗೆ ನಾನು ಮೊದಲು ಹೇಳುವುದು ಇದನ್ನೇ. ಮಾಂಟೆರೆಯಿಂದ ಹೊರಟು ಉತ್ತರಕ್ಕೆ ಗಾಳಿಯನ್ನು ಎದುರಿಸಿ, ಮರೀನಾದಲ್ಲಿ ತಿರುಗಿ.

ಮೂರನೆಯ ತುಂಡು ಮರೀನಾದಿಂದ ಕ್ಯಾಸ್ಟ್ರೊವಿಲ್. ಕಡಲು ಕಾಣುವುದಿಲ್ಲ, ಆರ್ಟಿಚೋಕ್ ಎಂಬ ತರಕಾರಿಯ ಹೊಲ ಕಾಣುತ್ತದೆ, ಪಕ್ಕದಲ್ಲಿ ವಾಹನಗಳ ಸದ್ದು. ಬಿಟ್ಟುಬಿಡಿ.

ಖರ್ಚಿನ ಮಟ್ಟಿಗೆ ಮಾಂಟೆರೆ ಅಗ್ಗವಲ್ಲ. ದಾರಿಗೆ ದುಡ್ಡಿಲ್ಲ ನಿಜ, ಆದರೆ ಬಾಡಿಗೆ ಸೈಕಲ್, ಊರೊಳಗಿನ ಪಾರ್ಕಿಂಗ್, ಮಕ್ಕಳು ನೋಡಿಯೇ ಹಟ ಹಿಡಿಯುವ ಅಕ್ವೇರಿಯಂ ಟಿಕೆಟ್ಟು, ಊಟ ಎಲ್ಲ ಸೇರಿ ನಾಲ್ಕು ಜನರ ದಿನ ಕೆಲವು ನೂರು ಡಾಲರಿಗೆ ಹೋಗಿ ನಿಲ್ಲುತ್ತದೆ. ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು, ಸ್ವಂತ ಸೈಕಲ್ ಹೊತ್ತು ಹೋದರೆ ಪೆಟ್ರೋಲು, ಪಾರ್ಕಿಂಗ್ ಎರಡೇ.

ಹಾಫ್ ಮೂನ್ ಬೇ: ಸ್ವಂತ ಸೈಕಲ್ ಇದ್ದವರ ಮನೆದೇವರು

ಮಾಂಟೆರೆಗೆ ವರ್ಷಕ್ಕೊಮ್ಮೆ ಹೋಗುತ್ತೇವೆ, ಇಲ್ಲಿಗೆ ತಿಂಗಳಿಗೊಮ್ಮೆ. ಸ್ಯಾನ್ ಮಟೇಓದಿಂದ 92ನೇ ಹೆದ್ದಾರಿ ಹಿಡಿದು ಗುಡ್ಡ ದಾಟಿದರೆ ಬಂತು. ಪಿಲ್ಲರ್ ಪಾಯಿಂಟ್ ಬಂದರಿನಿಂದ ದಕ್ಷಿಣಕ್ಕೆ ಹಾಫ್ ಮೂನ್ ಬೇ ಊರಿನ ಪಾಪ್ಲರ್ ಬೀಚಿನ ಕಡೆಗೆ, ಅಲ್ಲಿಂದಲೂ ಮುಂದಕ್ಕೆ, ಒಂದು ಬದಿಗೆ ಸುಮಾರು ಆರು ಮೈಲಿ ದಾರಿ. ಹೆಚ್ಚಿನ ಭಾಗ ಡಾಂಬರು, ಬಹುಪಾಲು ಮಟ್ಟಸ. ಎಡಕ್ಕೆ ಕಡಲು ಇಟ್ಟುಕೊಂಡು ಉತ್ತರಕ್ಕೆ, ಬಲಕ್ಕೆ ಇಟ್ಟುಕೊಂಡು ದಕ್ಷಿಣಕ್ಕೆ. ದಾರಿ ತಪ್ಪುವ ಪ್ರಶ್ನೆಯೇ ಇಲ್ಲ.

ಜನ ಇದ್ದಾರೆ, ಜಾತ್ರೆ ಇಲ್ಲ. ಸ್ಟೇಟ್ ಬೀಚಿನ ಭಾಗದಲ್ಲಿ ಶೌಚಾಲಯಗಳಿವೆ. ಹಳ್ಳಗಳ ಮೇಲೆ ಸಣ್ಣ ಸೇತುವೆಗಳಿವೆ, ಮಕ್ಕಳಿಗೆ ಆ ಸೇತುವೆ ದಾಟುವಾಗ ಬರುವ ಗಡಗಡ ಸದ್ದೇ ಇಷ್ಟ. ಪಕ್ಕದಲ್ಲಿ ಕುದುರೆ ಸವಾರರಿಗೆ ಬೇರೆ ಮಣ್ಣು ದಾರಿ ಇದೆ.

ಪೂರ್ತಿ ಕಾರಿಲ್ಲ ಎನ್ನಲಾಗದು. ಮಿರಾಮಾರ್ ಹತ್ತಿರ ಸ್ವಲ್ಪ ದೂರ ಮನೆಗಳ ಮುಂದಿನ ಓಣಿಯಲ್ಲಿ ಹೋಗಬೇಕು. ಅದರ ಉತ್ತರಕ್ಕೆ ಸರ್ಫರ್ಸ್ ಬೀಚ್ ಬಳಿ ದಾರಿ ಹೆದ್ದಾರಿಗೆ ತೀರಾ ಹತ್ತಿರ ಬರುತ್ತದೆ, ಏಕೆಂದರೆ ಅಲ್ಲಿ ದಂಡೆ ಉಳಿದಿಲ್ಲ. ಬಂದರಿಗೆ ಕಲ್ಲಿನ ತಡೆಗೋಡೆ ಕಟ್ಟಿದ ಮೇಲೆ ಅದರ ದಕ್ಷಿಣಕ್ಕೆ ಕಡಲ್ಕೊರೆತ ಹೆಚ್ಚಾಯಿತು. ನಮ್ಮ ಊರಲ್ಲಿ ಮಳೆಗಾಲದಲ್ಲಿ ಲಾರಿಗಟ್ಟಲೆ ಕಲ್ಲು ತಂದು ಸುರಿಯುವುದನ್ನು ನೋಡಿ ಬೆಳೆದವನಿಗೆ ಇಲ್ಲಿಯೂ ಅದೇ ಕಲ್ಲಿನ ರಾಶಿ ಕಂಡಾಗ ನಗು ಬಂತು. ಆರು ವರ್ಷದವರನ್ನು ಆ ಭಾಗದಲ್ಲಿ ಮಾತ್ರ ನಿಮ್ಮ ಒಳಬದಿಗೆ ಇಟ್ಟುಕೊಳ್ಳಿ.

ಪಾಪ್ಲರ್ ಬೀಚಿನಿಂದ ಬೆಳಿಗ್ಗೆ ಹೊರಟು, ಬಂದರಿಗೆ ಹೋಗಿ ತಿಂದು, ಬೆನ್ನುಗಾಳಿಯಲ್ಲಿ ಮರಳುವುದು ನಮ್ಮ ಪದ್ಧತಿ. ಮೀನು ತಿನ್ನುವ ಕರಾವಳಿಯವರಿಗೆ ಒಂದು ಗುಟ್ಟು: ಬಂದರಿನಲ್ಲಿ ಹಂಗಾಮಿನಲ್ಲಿ ದೋಣಿಯಿಂದಲೇ ಏಡಿ ಮಾರುತ್ತಾರೆ. ಆ ದಿನ ಮಾತ್ರ ಪದ್ಧತಿ ಮುರಿದು ಕಾರನ್ನು ಬಂದರಿನಲ್ಲೇ ನಿಲ್ಲಿಸುತ್ತೇವೆ. ಹ್ಯಾಂಡಲ್ಲಿಗೆ ಚೀಲ ನೇತುಹಾಕಿಕೊಂಡು ಜೀವಂತ ಏಡಿಯ ಜೊತೆ ಆರು ಮೈಲಿ ತುಳಿದ ಅನುಭವ ನನಗೆ ಒಮ್ಮೆಯೇ ಸಾಕಾಗಿದೆ.

ಸ್ಟೇಟ್ ಬೀಚಿನ ಒಳಗೆ ಕಾರು ನಿಲ್ಲಿಸಲು ದಿನಕ್ಕೆ ಹತ್ತು ಡಾಲರಿನ ಸುತ್ತ ಆಗುತ್ತದೆ. ನಿಮ್ಮೂರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ರಾಜ್ಯದ ಉದ್ಯಾನಗಳ ಪಾರ್ಕಿಂಗ್ ಪಾಸ್ ಪುಸ್ತಕದಂತೆ ಎರವಲು ಸಿಗುತ್ತದೆಯೇ ಎಂದು ಕೇಳಿ ನೋಡಿ, ಸಿಕ್ಕರೆ ಅದೂ ಉಳಿಯಿತು. ತೊಂದರೆ ಏನೆಂದರೆ ಇಲ್ಲಿ ಬಾಡಿಗೆ ಸೈಕಲ್ ಅಂಗಡಿ ಮಾಂಟೆರೆಯಂತೆ ಹೆಜ್ಜೆಗೊಂದಿಲ್ಲ. ಕಾರಿಗೆ ರ‍್ಯಾಕ್ ಇಲ್ಲದವರು ಮೊದಲೇ ವಿಚಾರಿಸಿಕೊಂಡು ಹೋಗಬೇಕು.

ಡೆವಿಲ್ಸ್ ಸ್ಲೈಡ್: ಚಿಕ್ಕದು, ಕಡಿದಾದದ್ದು

ಶಿರಾಡಿ ಘಾಟಿಯನ್ನು ನೆನೆಸಿಕೊಳ್ಳಿ. ಪ್ರತಿ ಮಳೆಗಾಲ ಗುಡ್ಡ ಕುಸಿಯುವುದು, ರಸ್ತೆ ಮುಚ್ಚುವುದು, ತೆರೆಯುವುದು. ಪೆಸಿಫಿಕಾ ಮತ್ತು ಮೊಂಟಾರಾ ನಡುವಿನ ಒಂದನೇ ಹೆದ್ದಾರಿಯದೂ ಅದೇ ಗೋಳಾಗಿತ್ತು. 1995ರಲ್ಲಿ ತಿಂಗಳುಗಟ್ಟಲೆ ಮುಚ್ಚಿತ್ತು, 2006ರಲ್ಲಿ ಮತ್ತೆ. ಗುಡ್ಡ ಬಳಸಿ ಹೊಸ ಹೆದ್ದಾರಿ ಮಾಡುವುದೋ ಸುರಂಗ ಕೊರೆಯುವುದೋ ಎಂಬ ಜಗಳ ಬಹುಕಾಲ ನಡೆಯಿತು, 1996ರಲ್ಲಿ ಜನ ಸುರಂಗಕ್ಕೆ ಮತ ಹಾಕಿದರು. 2013ರ ಮಾರ್ಚಿನಲ್ಲಿ ಸುರಂಗಗಳು ತೆರೆದವು. ಬಿಟ್ಟುಹೋದ ಹಳೆಯ ರಸ್ತೆಯ 1.3 ಮೈಲಿ ಮುಂದಿನ ವರ್ಷ ನಡೆಯುವವರಿಗೂ ಸೈಕಲ್ಲಿನವರಿಗೂ ಸಿಕ್ಕಿತು.

ಕಾರಿಲ್ಲದಿರುವುದರಲ್ಲಿ ಇದಕ್ಕೆ ನೂರಕ್ಕೆ ನೂರು. ನೋಟದಲ್ಲೂ ಪಟ್ಟಿಯಲ್ಲಿ ಇದೇ ಮೊದಲು. ಕಾಲ ಕೆಳಗೆ ನೇರ ಕಡಲು, ಬಂಡೆಗಳ ಮೇಲೆ ಸಾಲುಗಟ್ಟಿದ ಕಡಲಹಕ್ಕಿಗಳು, ಅದೃಷ್ಟವಿದ್ದರೆ ಮೇಲಿನಿಂದ ಕಲ್ಲು ಬಿದ್ದಂತೆ ಎರಗುವ ಪೆರೆಗ್ರಿನ್ ಬೈರಿ, ಚಳಿಗಾಲದಲ್ಲಿ ದೂರದಲ್ಲಿ ತಿಮಿಂಗಿಲದ ಕಾರಂಜಿ. ಬೈನಾಕ್ಯುಲರ್ ಇಲ್ಲದೆ ಹೋಗಬೇಡಿ.

ಆದರೆ ಇದು ಸೈಕಲ್ ದಿನವಲ್ಲ, ಸೈಕಲ್ ಗಂಟೆ. ಹೋಗಿ ಬಂದರೆ ಎರಡೂವರೆ ಮೈಲಿ, ಅದರಲ್ಲೂ ಏರಿದ್ದೇ ಹೆಚ್ಚು ನೆನಪಿರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲು ಕಲಿಯದ ಮಕ್ಕಳಿಗೆ ಬೇಡವೇ ಬೇಡ. ಎರಡೂ ತುದಿಯ ಪಾರ್ಕಿಂಗ್ ಪುಕ್ಕಟೆ, ಆದರೆ ಅಂಗೈಯಷ್ಟು. ಅಲ್ಲಿಯವರೆಗೆ ಸೈಕಲ್ಲಿನಲ್ಲೇ ಬರುತ್ತೇನೆ ಎಂದರೆ ಹೆದ್ದಾರಿಯ ಬದಿಯಲ್ಲಿ ತುಳಿಯಬೇಕು, ಅಲ್ಲಿಗೆ ಉದ್ದೇಶವೇ ಹಾಳು. ನಾನು ಇದನ್ನು ಹಾಫ್ ಮೂನ್ ಬೇಗೆ ಬಾಲದಂತೆ ಜೋಡಿಸುತ್ತೇನೆ: ಬೆಳಿಗ್ಗೆ ಅಲ್ಲಿ ಸೈಕಲ್, ಸಂಜೆ ಇಲ್ಲಿ ಕಾಲ್ನಡಿಗೆ. ಅಪ್ಪ ಅಮ್ಮನಿಗೆ ಇದು ನಡೆಯಲಿಕ್ಕೇ ಚೆಂದ.

ಸನ್‌ಸೆಟ್ ಡ್ಯೂನ್ಸ್: ಕಲಿಯುವವರ ಮೈದಾನ

ಸ್ಯಾನ್ ಫ್ರಾನ್ಸಿಸ್ಕೊದ ಓಷನ್ ಬೀಚಿಗೆ ತಾಗಿದ ಗ್ರೇಟ್ ಹೈವೇಯ ಎರಡು ಮೈಲಿ. 2020ರಲ್ಲಿ ಕೋವಿಡ್ ಕಾಲಕ್ಕೆ ಕಾರಿಗೆ ಮುಚ್ಚಿದರು, ಆಮೇಲೆ ವಾರಾಂತ್ಯಕ್ಕೆ ಮಾತ್ರ ಮುಚ್ಚುತ್ತಿದ್ದರು, 2024ರ ನವೆಂಬರಿನಲ್ಲಿ ನಗರದ ಮತದಾರರು ಶಾಶ್ವತವಾಗಿ ಮುಚ್ಚಲು ಒಪ್ಪಿದರು, 2025ರ ಏಪ್ರಿಲ್‌ನಲ್ಲಿ ಉದ್ಯಾನವಾಯಿತು. ಆ ಬಡಾವಣೆಯ ಕಾರಿನವರಿಗೆ ಎಷ್ಟು ಸಿಟ್ಟು ಬಂತೆಂದರೆ, ಇದನ್ನು ಬೆಂಬಲಿಸಿದ ತಮ್ಮ ಜನಪ್ರತಿನಿಧಿಯನ್ನು ಅದೇ ಸೆಪ್ಟೆಂಬರಿನಲ್ಲಿ ಮತ ಹಾಕಿ ಮನೆಗೆ ಕಳಿಸಿದರು. ಒಂದು ರಸ್ತೆಗಾಗಿ ಇಷ್ಟು ರಾಜಕೀಯ ನಡೆಯುವುದು ನಮ್ಮ ಕಡೆ ಮಾತ್ರ ಎಂದುಕೊಂಡಿದ್ದೆ.

ಹೆದ್ದಾರಿಯಷ್ಟು ಅಗಲ, ಹಪ್ಪಳದಂತೆ ಮಟ್ಟಸ. ಮಗು ಎಡಕ್ಕೆ ವಾಲಿದರೂ ಬಲಕ್ಕೆ ವಾಲಿದರೂ ಯಾರಿಗೂ ತಾಗುವುದಿಲ್ಲ. ಸಹಾಯದ ಪುಟ್ಟ ಚಕ್ರ ಬಿಚ್ಚುವ ದಿನ ಇಲ್ಲಿಗೆ ಬನ್ನಿ ಎಂದು ನಾನು ಎಲ್ಲರಿಗೂ ಹೇಳುವುದು ಅದಕ್ಕೇ. ನನ್ನ ಕಾಲದಲ್ಲಿ ಅಪ್ಪನ ದೊಡ್ಡ ಸೈಕಲ್ಲಿನಲ್ಲಿ ಒಳಪೆಡಲು ತುಳಿದು, ಗದ್ದೆಯ ಬದುವಿನಿಂದ ಬಿದ್ದು ಕಲಿಯುತ್ತಿದ್ದೆವು. ಇವರ ಅದೃಷ್ಟ.

ಕೊರತೆಯೂ ಇದೆ. ಮರಳುದಿಬ್ಬಗಳು ಅಡ್ಡ ಇರುವುದರಿಂದ ಬಹುದೂರ ಕಡಲು ಕೇಳುತ್ತದೆ, ಕಾಣುವುದಿಲ್ಲ. ಗಾಳಿ ಮರಳನ್ನು ತಂದು ಡಾಂಬರಿನ ಮೇಲೆ ಸುರಿಯುತ್ತದೆ, ಸಪೂರ ಟೈರಿನವರು ಅದರಲ್ಲಿ ಜಾರುತ್ತಾರೆ. ಜೂನ್, ಜುಲೈ ತಿಂಗಳಲ್ಲಿ ಮಂಜು ಇಳಿದರೆ ಮಧ್ಯಾಹ್ನ ಹನ್ನೆರಡಕ್ಕೂ ಸ್ವೆಟರ್ ಬೇಕು. ನೀರಿಗೆ ಇಳಿಯುವ ಆಸೆ ಇಟ್ಟುಕೊಳ್ಳಲೇಬೇಡಿ, ಅದು ಕೊರೆಯುವ ಚಳಿಯ, ಒಳಕ್ಕೆಳೆಯುವ ಕಡಲು. ಎರಡು ಮೈಲಿ ಸಾಲದು ಎನ್ನುವವರು ಉತ್ತರದ ತುದಿಯಲ್ಲಿ ಗೋಲ್ಡನ್ ಗೇಟ್ ಪಾರ್ಕಿಗೆ ತಿರುಗಿಕೊಳ್ಳಬಹುದು. ಅಲ್ಲಿಯೂ ಒಂದೂವರೆ ಮೈಲಿಯಷ್ಟು ರಸ್ತೆ ಕಾರಿಗೆ ಮುಚ್ಚಿದೆ, ಆದರೆ ಅಲ್ಲಿಗೆ ತಲುಪುವವರೆಗೆ ಏರು ಇದೆ, ಪಾರ್ಕಿನ ಒಳಗಿನ ಕಾರುಗಳೂ ಇವೆ. ಖರ್ಚು? ಅಕ್ಕಪಕ್ಕದ ಬೀದಿಯಲ್ಲಿ ಜಾಗ ಸಿಕ್ಕರೆ ಸೊನ್ನೆ.

ಸಾಂಟಾ ಕ್ರೂಝ್: ಒಂದೇ ಊರು, ಎರಡು ದಾರಿ

ವೆಸ್ಟ್ ಕ್ಲಿಫ್ ಎಂಬುದು ಹಡಗುಕಟ್ಟೆಯ ಬಳಿಯಿಂದ ನ್ಯಾಚುರಲ್ ಬ್ರಿಜಸ್‌ವರೆಗೆ ಬಂಡೆಯಂಚಿನಲ್ಲಿ ಹೋಗುವ ಎರಡೂವರೆ ಮೂರು ಮೈಲಿಯ ಕಾಲುದಾರಿ. ರಸ್ತೆಗೆ ಅಂಟಿಕೊಂಡಿದೆ, ನಡೆಯುವವರೇ ಜಾಸ್ತಿ. 2023ರ ಜನವರಿಯ ಬಿರುಗಾಳಿಯಲ್ಲಿ ಅಲೆಗಳು ಅಂಚನ್ನೇ ಕಿತ್ತುಕೊಂಡು ಹೋಗಿದ್ದವು. ನೋಟ ಅದ್ಭುತ, ಕೆಳಗೆ ಸರ್ಫಿಂಗ್ ಮಾಡುವವರನ್ನು ನೋಡುತ್ತ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಆದರೆ ಸೈಕಲ್ ದಾರಿ ಎಂದು ಇದಕ್ಕೆ ನಾನು ಹೆಚ್ಚು ಅಂಕ ಕೊಡಲಾರೆ.

ಊರಿನ ಉತ್ತರಕ್ಕಿರುವ ವೈಲ್ಡರ್ ರಾಂಚ್ ಇದಕ್ಕೆ ಪೂರ್ತಿ ವಿರುದ್ಧ. ಹಿಂದೆ ಹಾಲಿನ ಫಾರ್ಮ್ ಆಗಿದ್ದ ಜಾಗ. ಕಡಲಂಚಿನ ಮಣ್ಣು ದಾರಿ, ಒಂದು ಬದಿ ಬಂಡೆಗಳು, ಇನ್ನೊಂದು ಬದಿ ಬ್ರಸೆಲ್ಸ್ ಸ್ಪ್ರೌಟ್ಸ್ ಹೊಲ, ಅಂದರೆ ನಿಂಬೆ ಗಾತ್ರದ ಎಲೆಕೋಸು. ಕಾರಿನ ಸುಳಿವೇ ಇಲ್ಲ. ಆದರೆ ಅಂಚಿನಲ್ಲಿ ಬೇಲಿಯೂ ಇಲ್ಲ, ನೆಲ ಉಬ್ಬುತಗ್ಗು, ಮಳೆ ಬಂದ ಮರುದಿನ ಕೆಸರು. ದಪ್ಪ ಟೈರಿನ ಸೈಕಲ್ ಬೇಕು, ಹತ್ತು ದಾಟಿದ ಮಕ್ಕಳು ಬೇಕು. ಮನೆಯಲ್ಲಿ ಹದಿಹರೆಯದವರಿದ್ದು, ಅವರಿಗೆ ಮಟ್ಟಸ ದಾರಿ ಬೋರ್ ಎನಿಸುತ್ತಿದ್ದರೆ ನೇರವಾಗಿ ಇಲ್ಲಿಗೇ ಹೋಗಿ.

ಲಾಸ್ ಏಂಜಲೀಸಿನ ಮಾರ್ವಿನ್ ಬ್ರಾಡ್ ದಾರಿಯ ಬಗ್ಗೆಯೂ ಕೇಳುತ್ತಾರೆ. 22 ಮೈಲಿ, ಮರಳಿನ ಮೇಲೇ ಹಾಸಿದ ಕಾಂಕ್ರೀಟು, ಸಾಂಟಾ ಮೊನಿಕಾ, ವೆನಿಸ್ ಹಾದು ಟೊರೆನ್ಸ್‌ವರೆಗೆ. ಮರೀನಾ ಡೆಲ್ ರೇ ಬಳಿ ಒಳಗೆ ಸುತ್ತಿ ಬರಬೇಕು ಎಂಬುದು ಬಿಟ್ಟರೆ ಇಷ್ಟು ಉದ್ದದ ಮಟ್ಟಸ ಕಡಲ ದಾರಿ ಈ ಪಟ್ಟಿಯಲ್ಲಿ ಬೇರೆ ಇಲ್ಲ. ಆ ರೋಡ್ ಬೈಕ್ ಗೆಳೆಯನೂ ವೇಗಕ್ಕೆ ಆಸೆಪಡಬಾರದು, ಜನ ಅಷ್ಟಿರುತ್ತಾರೆ. ಬೇ ಏರಿಯಾದಿಂದ ಆರು ಗಂಟೆ ಕಾರು ಓಡಿಸಿ ಸೈಕಲ್ಲಿಗೆಂದೇ ಹೋಗುವಂಥದ್ದಲ್ಲ, ಡಿಸ್ನಿಲ್ಯಾಂಡಿಗೆ ಹೇಗೂ ಹೋಗುವವರು ಒಂದು ಬೆಳಿಗ್ಗೆ ಮೀಸಲಿಡಿ.

ನಿಮ್ಮ ಮನೆಗೆ ಯಾವುದು

ಊರಿಂದ ಬಂದ ಹಿರಿಯರಿದ್ದು ಅವರಿಗೆ ಸೈಕಲ್ ಬಾರದಿದ್ದರೆ ಮಾಂಟೆರೆಯ ಮೊದಲ ತುಂಡು, ಖರ್ಚಾದರೂ ಸರಿ. ಸೈಕಲ್ ಬರುತ್ತದೆ ಎನ್ನುವ ಹಿರಿಯರ ಮಾತನ್ನು ಪೂರ್ತಿ ನಂಬಬೇಡಿ. "ನಾವು ದಿನಾ ಹತ್ತು ಮೈಲಿ ತುಳಿಯುತ್ತಿದ್ದೆವು" ಎನ್ನುವುದು 1975ರ ಮಾತು. ಮೊದಲು ಮನೆ ಹತ್ತಿರದ ಪಾರ್ಕಿನಲ್ಲಿ ಒಂದು ಸುತ್ತು ಹೊಡೆಸಿ, ಆಮೇಲೆ ಹಾಫ್ ಮೂನ್ ಬೇಗೆ ಕರೆದುಕೊಂಡು ಹೋಗಿ. ಬ್ಯಾಟರಿ ಸೈಕಲ್ ಏರು ಹತ್ತಿಸುತ್ತದೆ ನಿಜ, ಆದರೆ ಅದು ಭಾರ, ನಿಲ್ಲಿಸುವಾಗ ವಾಲಿದರೆ ಹಿಡಿಯಲಾಗದು. ವಿಸಿಟರ್ ಇನ್ಶೂರೆನ್ಸ್ ಇದ್ದರೂ ಇಲ್ಲಿನ ಎಮರ್ಜೆನ್ಸಿ ಬಿಲ್ಲು ನೋಡಿದವರು ಈ ವಿಷಯದಲ್ಲಿ ಧೈರ್ಯ ತೋರಿಸುವುದಿಲ್ಲ.

ಮಗು ಈಗಷ್ಟೇ ಕಲಿಯುತ್ತಿದ್ದರೆ ಸನ್‌ಸೆಟ್ ಡ್ಯೂನ್ಸ್, ಕಲಿತು ಆರು ತಿಂಗಳಾಗಿದ್ದರೆ ಹಾಫ್ ಮೂನ್ ಬೇಯ ದಕ್ಷಿಣ ಅರ್ಧ. 18ರ ಒಳಗಿನವರಿಗೆ ಹೆಲ್ಮೆಟ್ ಇಲ್ಲಿ ಕಾನೂನು, ದೊಡ್ಡವರಿಗೆ ಬುದ್ಧಿ. ಇಬ್ಬರೇ ಗಂಡಹೆಂಡತಿ, ಕಾಲಲ್ಲಿ ಬಲವಿದೆ ಎಂದರೆ ಮಾಂಟೆರೆಯಿಂದ ಮರೀನಾ. ರೋಡ್ ಬೈಕ್ ಗೆಳೆಯನಿಗೂ ಅದನ್ನೇ ಹೇಳುತ್ತೇನೆ, ಬೆಳಿಗ್ಗೆ ಏಳಕ್ಕೆ.

ದುಡ್ಡಿನ ಮಾತು. ನಾಲ್ಕು ಜನ ವರ್ಷಕ್ಕೆ ಒಂದೇ ಸಲ ಹೋಗುವುದಾದರೆ ಬಾಡಿಗೆಯೇ ಲೇಸು, ಗ್ಯಾರೇಜಿನಲ್ಲಿ ಜಾಗವೂ ಉಳಿಯುತ್ತದೆ. ಮೂರು ನಾಲ್ಕು ಸಲ ಹೋಗುವುದಾದರೆ ಹಳೆಯ ಸೈಕಲ್ಲುಗಳನ್ನು ಕೊಂಡು, ಕಾರಿನ ಹಿಂದೆ ಕಟ್ಟುವ ರ‍್ಯಾಕ್ ತೆಗೆದುಕೊಳ್ಳಿ. ನಾವು ಮೊದಲ ವರ್ಷ ಬಾಡಿಗೆಗೆ ಸುರಿದ ದುಡ್ಡಿನಲ್ಲಿ ಎರಡು ಸೈಕಲ್ ಬರುತ್ತಿತ್ತು. ಮಕ್ಕಳ ಸೈಕಲ್ ಹೊಸದು ಕೊಳ್ಳಲೇಬೇಡಿ, ಎರಡು ವರ್ಷಕ್ಕೆ ಚಿಕ್ಕದಾಗುತ್ತದೆ. ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಕೇಳಿದರೆ ಯಾರದಾದರೂ ಗ್ಯಾರೇಜಿನಿಂದ ಒಂದು ಹೊರಬರುತ್ತದೆ.

ಯಾವಾಗ ಎಂದರೆ ಸೆಪ್ಟೆಂಬರ್, ಅಕ್ಟೋಬರ್. ಮಂಜು ಕಡಿಮೆ, ಗಾಳಿ ಮೆತ್ತಗೆ, ಸಂಜೆ ಸೂರ್ಯ ನಮ್ಮೂರಿನಂತೆಯೇ ನೀರಿಗೆ ಇಳಿಯುತ್ತಾನೆ. ಒಂದೇ ಎಚ್ಚರಿಕೆ: ಅಕ್ಟೋಬರ್ ಮಧ್ಯದಲ್ಲಿ ಹಾಫ್ ಮೂನ್ ಬೇಯಲ್ಲಿ ಕುಂಬಳಕಾಯಿ ಹಬ್ಬ ಇರುತ್ತದೆ. ಆ ಎರಡು ದಿನ 92ನೇ ಹೆದ್ದಾರಿ ಕಡೆ ತಲೆ ಹಾಕಬೇಡಿ. ಕಾರಿಲ್ಲದ ದಾರಿಗೆಂದು ಹೊರಟು ಮೂರು ಗಂಟೆ ಕಾರಿನಲ್ಲೇ ಕೂತ ಮೇಲೆ, ಹಿಂದಿನ ಸೀಟಿನಲ್ಲಿ ಚಿತ್ರಾನ್ನ ಖಾಲಿ ಮಾಡಿ ಅಲ್ಲಿಂದಲೇ ತಿರುಗಿ ಬಂದವರು ನಾವು.